ಪಾಯದ ಗುಂಡಿಯ ಬೆರಗು

ಭದ್ರಾವತಿಯ ಹೊಸ ಬಡಾವಣೆಗಳಲ್ಲಿ ಎಲ್ಲಾದರೂ ಪಾಯ ತೆಗೆಯುತ್ತಿದ್ದರೆ ನಿಂತು ನೋಡದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಮೇಲೆ ಒಂದು ಗೇಣು ಕಂದು ಮಣ್ಣು, ಅದರಲ್ಲಿ ಹುಲ್ಲಿನ ಬೇರು, ಎರೆಹುಳು. ಕೆಳಗೆ ಕೆಂಪು. ಇನ್ನೂ ಕೆಳಗೆ ಗರಸು. ಹಾರೆ ಠಣ್ಣೆಂದಾಗ ಮೇಸ್ತ್ರಿ ‘ಗಟ್ಟಿ ನೆಲ ಸಿಕ್ತು’ ಅನ್ನುತ್ತಾರೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ನನ್ನ ಕಣ್ಣು ಮಾತ್ರ ಆ ಕೆಂಪಿನಲ್ಲೇ ಉಳಿಯುತ್ತದೆ.

ಅದು ಕಬ್ಬಿಣದ ಕೆಂಪು. ಬಂಡೆ ಶಿಥಿಲವಾಗುತ್ತ ಬಂದಂತೆ ಅದರೊಳಗಿನ ಸುಣ್ಣ, ಪೊಟ್ಯಾಷ್, ಸಿಲಿಕಾಗಳನ್ನು ಮಳೆ ತೊಳೆದುಕೊಂಡು ಹೋಯಿತು. ಕಬ್ಬಿಣ ಗಾಳಿ ತಾಕಿ ತುಕ್ಕಾಗಿ ಅಲ್ಲೇ ಉಳಿಯಿತು. ಬೆಂಕಿಪುರ ಎಂದು ಕರೆಸಿಕೊಂಡಿದ್ದ ಈ ಊರು 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದ ಕಥೆ ಇಲ್ಲಿನವರಿಗೆ ಗೊತ್ತು. ಅದಿರು ಬರುತ್ತಿದ್ದುದು ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಆ ಬೆಟ್ಟದ ಕಬ್ಬಿಣದ ಪದರಗಳು 250 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಕೂತವು! ಮೋಡ ತಾಕುವ ಎತ್ತರದಲ್ಲಿ ನಮ್ಮವರು ಅಗೆದದ್ದು ಒಂದು ಪುರಾತನ ಸಮುದ್ರದ ತಳವನ್ನು. ಇದನ್ನು ಎಷ್ಟು ಸಲ ನೆನೆದರೂ ನನಗೆ ಹಳತಾಗಿಲ್ಲ.

ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋದರೆ ಮಳೆ ಜೋರು, ಮಣ್ಣಿನಿಂದ ತೊಳೆದು ಹೋದದ್ದೂ ಹೆಚ್ಚು. ಅಲ್ಲಿ ಜಂಬಿಟ್ಟಿಗೆ ಕಲ್ಲು. ನೆಲದೊಳಗೆ ಹಸಿಯಾಗಿದ್ದಾಗ ಕೊಡಲಿಗೂ ಬಗ್ಗುವ ಅದು, ಹೊರಗೆ ಬಂದು ಗಾಳಿ ಬಿಸಿಲು ಕಂಡ ಮೇಲೆ ಗೋಡೆ ಹೊರುವಷ್ಟು ಗಟ್ಟಿಯಾಗುತ್ತದೆ. ಪೂರ್ವಕ್ಕೆ ಚನ್ನಗಿರಿ, ದಾವಣಗೆರೆಯತ್ತ ಹೊರಳಿದರೆ ಕಣ್ಣಿಗೆ ಬೀಳುವುದು ಎರೆ ಮಣ್ಣು. ಅದರ ಜೇಡಿಯ ಕಣ ಪುಸ್ತಕದ ಹಾಳೆಗಳಂತೆ ಪದರಪದರ. ಮಳೆಗಾಲದಲ್ಲಿ ಹಾಳೆಗಳ ನಡುವೆ ನೀರು ಸೇರಿ ಕಣ ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಕಣ್ಣಿಗೆ ಕಾಣದ ಈ ಉಬ್ಬರವೇ ಮನೆಯನ್ನು ಎತ್ತಿ ಇಳಿಸುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿಗೆ ಕೂಡದಾಗುತ್ತದೆ. ಸಿಮೆಂಟನ್ನೋ ಮೇಸ್ತ್ರಿಯನ್ನೋ ಬೈಯುವ ಮೊದಲು ಕೆಳಗಿನ ಮಣ್ಣನ್ನು ನೋಡಬೇಕು. ಎರೆಯನ್ನು ತೆಗೆಸಿ, ಗರಸು ತುಂಬಿಸಿ, ನೀರು ಹಾಕಿ ದಮ್ಮಸು ಮಾಡಿಸುವ ಹಳೆಯ ಕ್ರಮದ ಹಿಂದೆ ಇದೇ ತಿಳಿವಳಿಕೆ ಇದೆ.

ಇಷ್ಟೆಲ್ಲ ಆದ ಮೇಲೂ ಶೌಚದ ನೀರಿನ ಬಗ್ಗೆ ಯೋಚಿಸುವವರು ಕಡಿಮೆ. ನನಗೆ ಅತ್ಯಂತ ದೊಡ್ಡ ಬೆರಗು ಅಲ್ಲೇ ಕಂಡಿದೆ. ಸೆಪ್ಟಿಕ್ ಟ್ಯಾಂಕ್ ಘನವನ್ನಷ್ಟೇ ತಡೆಯುತ್ತದೆ. ಹೊರಬಿದ್ದ ನೀರನ್ನು ನಿಜಕ್ಕೂ ಶುದ್ಧ ಮಾಡುವುದು ಇಂಗುಗುಂಡಿಯ ಸುತ್ತಲಿನ ಮಣ್ಣು, ಅದರಲ್ಲಿ ಬದುಕಿರುವ ಕಣ್ಣಿಗೆ ಕಾಣದ ಜೀವಿಗಳು. ಅವಕ್ಕೆ ಗಾಳಿ ಬೇಕು, ಸಮಯ ಬೇಕು. ಎರೆಯಲ್ಲಿ ನೀರು ಇಂಗುವುದೇ ಇಲ್ಲ, ಗುಂಡಿ ತುಂಬಿ ಮೇಲೆ ಬರುತ್ತದೆ. ಸಡಿಲ ಗರಸಿನಲ್ಲೋ ಜಂಬಿಟ್ಟಿಗೆಯ ರಂಧ್ರಗಳಲ್ಲೋ ನೀರು ನಿಲ್ಲದೆ ಓಡಿ, ಕೊಳೆ ಹೊತ್ತುಕೊಂಡೇ ಬಾವಿ ಸೇರಬಹುದು. ಮಲೆನಾಡಿನ ಆಷಾಢದಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲೇರಿದಾಗ ಇಂಗುಗುಂಡಿಯೂ ಅದೇ ನೀರಿನಲ್ಲಿ ನಿಂತಿರುತ್ತದೆ ಎಂಬುದನ್ನು ಮರೆಯಬಾರದು.

ತೋಟದಲ್ಲಿ ಲೆಕ್ಕ ತಿರುಗುಮುರುಗು. ಪಾಯಕ್ಕೆ ಒದಗಿದ ಕೆಂಪು ನೆಲ ಗಿಡಕ್ಕೆ ಬಡ ನೆಲ. ಸತ್ವ ತೊಳೆದು ಹೋಗಿದೆ, ಹುಳಿ ಹೆಚ್ಚಿದೆ. ಹಾಕಿದ ರಂಜಕವನ್ನು ಕಬ್ಬಿಣ ಬಿಗಿಹಿಡಿದು ಬೇರಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಸುಣ್ಣ, ಕೊಟ್ಟಿಗೆ ಗೊಬ್ಬರ, ಸೊಪ್ಪು. ಮನೆಗೆ ಒಗ್ಗದ ಎರೆ ನೀರನ್ನೂ ಸತ್ವವನ್ನೂ ಹಿಡಿದಿಡುತ್ತದೆ. ಆದರೆ ಅಡಿಕೆಯ ಬೇರು ನಿಂತ ನೀರನ್ನು ಸಹಿಸದು, ಬಸಿಗಾಲುವೆ ಬೇಕೇ ಬೇಕು. ಭದ್ರಾ ನಾಲೆಯ ನೀರು ಹರಿದ ನೆಲದಲ್ಲಿ ಈ ಮಾತು ಇನ್ನೂ ಮುಖ್ಯ. ನೀರು ತರುವ ಕಾಲುವೆಗೆ ಕೊಟ್ಟ ಗಮನವನ್ನು ನಾವು ನೀರು ಹೊರಹಾಕುವ ಕಾಲುವೆಗೆ ಕೊಟ್ಟಿಲ್ಲ.

ಮನೆಯ ನಕ್ಷೆ ಬರೆಸುವ ಮೊದಲು ನಿಮ್ಮ ಸೈಟಿನಲ್ಲಿ ಇಂಗುಗುಂಡಿ ಬರುವ ಕಡೆ ಒಂದು ಗುಂಡಿ ತೋಡಿಸಿ. ಸಂಜೆ ನೀರು ತುಂಬಿಸಿ ಮಣ್ಣು ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ತುಂಬಿಸಿ, ನೀರು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂದು ಪಕ್ಕದಲ್ಲೇ ಕೂತು ನೋಡಿ. ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ. ಬಾವಿಗೂ ಇಂಗುಗುಂಡಿಗೂ ನಡುವೆ 18 ಮೀಟರಾದರೂ ಇರಲಿ, ನಿಮ್ಮ ಬಾವಿಗೆ ಮಾತ್ರವಲ್ಲ, ಪಕ್ಕದ ಮನೆಯವರ ಬಾವಿಗೂ.