ಉಸಿರಿಗೂ ಮೊದಲು ಪಕ್ಕದ ಮನೆ

ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ ಸಾಧಕನಿಗೆ ಅಡ್ಡ ಬರುವ ಒಂಬತ್ತು ವಿಘ್ನಗಳ ಪಟ್ಟಿ ಇದೆ. ಸಂಶಯ, ಆಲಸ್ಯ, ಭ್ರಾಂತಿ ಎಲ್ಲವೂ ಅದರಲ್ಲಿವೆ. ಆದರೆ ಪಟ್ಟಿಯ ತಲೆಯಲ್ಲಿ ಕೂತಿರುವುದು ವ್ಯಾಧಿ. ಚಿತ್ತದ ಮಾತು ಹೇಳಲು ಹೊರಟವನು ಮೊದಲು ಹೆಸರಿಸಿದ್ದು ಮೈಯ ಕಾಯಿಲೆಯನ್ನು. ಅದರ ಬೆನ್ನಿಗೇ ಬರುವ ಸೂತ್ರದಲ್ಲಿ ಈ ವಿಘ್ನಗಳ ಸಂಗಾತಿಗಳು ಬರುತ್ತವೆ: ದುಃಖ, ಮನಸ್ಸಿನ ಕುಗ್ಗು, ಕೈಕಾಲ ನಡುಕ, ಏರುಪೇರಾದ ಉಸಿರು. ಮನಸ್ಸಿನವು, ಮೈಯವು ಎಂದು ಬೇರೆ ಬೇರೆ ಪಂಕ್ತಿ ಹಾಕಿಲ್ಲ.

ಮೈಮನಸ್ಸಿನ ನಂಟನ್ನು ಈಗ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಯೋಗದಿನದ ಭಾಷಣದಲ್ಲಿ, ಡಾಕ್ಟರ ಕೋಣೆಯ ಗೋಡೆಯ ಮೇಲೆ, ಬೆಳಗಿನ ಟಿ.ವಿ.ಯಲ್ಲಿ ಅದೇ ಮಾತು. ನನ್ನ ಕುತೂಹಲ ಇರುವುದು ಪತಂಜಲಿ ಇದಕ್ಕೆ ಮದ್ದು ಹೇಳುವಾಗ ಹಿಡಿದ ಕ್ರಮದಲ್ಲಿ. ಉಸಿರನ್ನು ನಿಧಾನವಾಗಿ ಹೊರಬಿಟ್ಟು ತಡೆಯುವ ಉಪಾಯ ಅವನಲ್ಲಿ ಇದೆ. ಆದರೆ ಅದು ಆಮೇಲಿನದು. ಅದಕ್ಕೂ ಹಿಂದಿನ ಸೂತ್ರದಲ್ಲಿ ಇರುವುದು ಬೇರೆ ಮನುಷ್ಯರು. ಸುಖವಾಗಿರುವವರ ವಿಷಯದಲ್ಲಿ ಮೈತ್ರಿ, ದುಃಖದಲ್ಲಿರುವವರ ಮೇಲೆ ಕರುಣೆ, ಒಳ್ಳೆಯದು ಮಾಡುವವರನ್ನು ಕಂಡು ಸಂತೋಷ, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ. ಇವುಗಳಿಂದ ಚಿತ್ತ ತಿಳಿಯಾಗುತ್ತದೆ ಎನ್ನುತ್ತಾನೆ. ಮೂಗು ಹಿಡಿಯುವ ಮೊದಲು ಪಕ್ಕದ ಮನೆಯ ಕಡೆ ನಿನ್ನ ಕಣ್ಣು ಹೇಗಿದೆ ನೋಡಿಕೋ ಎಂಬಂತೆ.

ದುಃಖದಲ್ಲಿರುವವರನ್ನು ಕಂಡು ಮರುಗುವುದು ನಮಗೆ ಅಷ್ಟು ಕಷ್ಟವಲ್ಲ. ಸಾವಿನ ಮನೆಗೆ ಕರೆಯದೆಯೂ ಹೋಗುತ್ತೇವೆ. ಕಷ್ಟವಾಗುವುದು ಗೃಹಪ್ರವೇಶಕ್ಕೆ ಹೋಗುವುದು. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪನ ಮಗ ಹೊಸ ಮನೆಯ ಫೋಟೊ ಹಾಕುತ್ತಾನೆ. ಹೆಬ್ಬೆರಳು ಎರಡು ಹೂಗುಚ್ಛ ಕಳಿಸುತ್ತದೆ. ಅಷ್ಟರಲ್ಲಿ ದವಡೆ ಬಿಗಿದಿರುತ್ತದೆ, ಹೆಗಲು ಕಿವಿಯ ಕಡೆಗೆ ಏರಿರುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕಷ್ಟೇ ಬಂದು ವಾಪಸಾಗುತ್ತಿರುತ್ತದೆ. ಸೈಟು ಎಷ್ಟಕ್ಕೆ ಸಿಕ್ಕಿತಂತೆ, ಸಾಲ ಎಷ್ಟಂತೆ, ಇವನ ಸಂಬಳಕ್ಕೆ ಅದು ಹೇಗೆ ಸಾಧ್ಯ ಎಂಬ ಲೆಕ್ಕ ಊಟದ ತಟ್ಟೆಯವರೆಗೂ ಬರುತ್ತದೆ. ಅನ್ನ ಮುಗಿದದ್ದು ಗೊತ್ತಾಗುವುದಿಲ್ಲ, ರಾತ್ರಿ ಹುಳಿತೇಗು. ಅದಕ್ಕೆ ಮಾತ್ರೆ ನುಂಗುತ್ತೇವೆ. ಮಾತ್ರೆ ಕೆಲಸವನ್ನೂ ಮಾಡುತ್ತದೆ. ಚಿಕ್ಕಪ್ಪನ ಮಗ ಮಾತ್ರ ಇನ್ನೂ ಒಳಗೇ ಕೂತಿರುತ್ತಾನೆ.

ಉಸಿರಿನ ಉಪಾಯ ಕಡಿಮೆಯದು ಎಂದಲ್ಲ. ಹೃದಯದ ಬಡಿತವನ್ನೋ ಜಠರದ ಕೆಲಸವನ್ನೋ ನೇರವಾಗಿ ಆಳಲು ನಮಗೆ ಆಗದು. ಉಸಿರು ಹಾಗಲ್ಲ, ನಿದ್ದೆಯಲ್ಲಿ ತಾನಾಗಿ ನಡೆಯುತ್ತದೆ, ಎಚ್ಚರದಲ್ಲಿ ಹೇಳಿದ ಮಾತು ಕೇಳುತ್ತದೆ. ಉಸಿರು ಒಳಗೆಳೆದಾಗ ನಾಡಿ ಕೊಂಚ ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಈ ಕೆಲಸದಲ್ಲಿ ಮುಖ್ಯ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಉದ್ದಕ್ಕೆ ಉಸಿರು ಬಿಟ್ಟರೆ ಕೆಲವರಿಗೆ ಈ ವ್ಯತ್ಯಾಸ ಬೆರಳಿಗೇ ಸಿಗುತ್ತದೆ. ಪತಂಜಲಿಯೂ ಹೊರಬಿಡುವ ಉಸಿರಿನಿಂದಲೇ ಶುರು ಮಾಡಿದ್ದಾನೆ. ಆದರೆ ಕಾಲು ಗಂಟೆಯ ಪ್ರಾಣಾಯಾಮ ತಂದುಕೊಟ್ಟ ಸಮಾಧಾನವನ್ನು ಪಾರ್ಕಿನ ಗೇಟಿನಲ್ಲಿ ಸ್ಕೂಟರ್ ಯಾರದು ಎಂದು ಜಗಳ ತೆಗೆದು ಅಲ್ಲೇ ಖರ್ಚು ಮಾಡಿ ಬರುವವರನ್ನು ನಾವೆಲ್ಲ ಕಂಡಿದ್ದೇವೆ.

ಇನ್ನು ಆಸನ. ಅದರ ಮೇಲೆ ನೇರವಾಗಿ ಇರುವುದು ಮೂರೇ ಸೂತ್ರ. ಸ್ಥಿರವಾಗಿ, ಸುಖವಾಗಿ ಕೂಡು, ಪ್ರಯತ್ನ ಸಡಿಲಿಸು. ಉಳಿದ ವಿಸ್ತಾರವೆಲ್ಲ ಹಠಯೋಗದ ಗ್ರಂಥಗಳದ್ದು, ಆಮೇಲಿನ ಗುರುಗಳದ್ದು. ಇಂದು ಜಗತ್ತು ಯೋಗವೆಂದು ಮಾಡುತ್ತಿರುವುದರ ದೊಡ್ಡ ಪಾಲು ಮೈಸೂರಿನಿಂದ ಹೋದದ್ದು. ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಬಂದದ್ದು ಕನ್ನಡದಲ್ಲಿ. ಶಿಷ್ಯರಾದ ಪಟ್ಟಾಭಿ ಜೋಯಿಸರು ಮತ್ತು ಬಿ.ಕೆ.ಎಸ್. ಅಯ್ಯಂಗಾರರು ಅದನ್ನು ಕಡಲಾಚೆಗೆ ಮುಟ್ಟಿಸಿದರು. ಇದರಲ್ಲಿ ನನಗೆ ಹೆಮ್ಮೆಯೇ ಇದೆ. ಆದರೂ ದೂರ ಪಯಣದಲ್ಲಿ ಬೆನ್ನು ಬಾಗುವ ಪರಿ ಮುಂದೆ ಹೋಯಿತು, ಎಂಟು ಅಂಗಗಳಲ್ಲಿ ಮೊದಲನೆಯದಾದ ಯಮ ಹಿಂದುಳಿಯಿತು. ಹಿಂಸೆ ಬೇಡ, ಸುಳ್ಳು ಬೇಡ, ಕದಿಯಬೇಡ, ಕೂಡಿಡಬೇಡ: ಇದನ್ನೆಲ್ಲ ಚಾಪೆಯ ಮೇಲೆ ಒಬ್ಬರೇ ಮಾಡಲು ಬರುವುದಿಲ್ಲ, ಫೋಟೊಗೂ ಸಿಗುವುದಿಲ್ಲ.

ಅಯ್ಯಂಗಾರರ ಹೆಸರು ಬಂದಾಗ ಇನ್ನೊಂದು ಮಾತು ಹೇಳಲೇಬೇಕು. ಅವರು ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಊರೂರನ್ನು ಕಾಡುತ್ತಿದ್ದ ಕಾಲದಲ್ಲಿ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಂಡ ನರಪೇತಲ ಮೈ. ಆ ಹುಡುಗನಿಗೆ ಯಾರಾದರೂ ‘ನಿನ್ನ ಕಾಯಿಲೆಗೆ ನಿನ್ನ ಮನಸ್ಸೇ ಕಾರಣ’ ಎಂದಿದ್ದರೆ? ಇಂದು ಥೈರಾಯ್ಡ್ ಇದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಕ್ಯಾನ್ಸರ್ ಬಂದವರಿಗೂ ನೋಡಲು ಬಂದ ನೆಂಟರು ಸೇಬಿನ ಜೊತೆ ಈ ಮಾತನ್ನೂ ಕೊಟ್ಟು ಹೋಗುತ್ತಾರೆ. ‘ನೀವು ಟೆನ್ಷನ್ ಮಾಡ್ಕೋತೀರಿ, ಅದಕ್ಕೇ ಹೀಗೆ.’ ನೋವಿರುವವರ ತಲೆಯ ಮೇಲೆ ತಪ್ಪನ್ನೂ ಹೊರಿಸುವ ಈ ಯೋಗ ಪತಂಜಲಿಯದಲ್ಲ. ಅವನ ಭಾಷ್ಯಕಾರ ವ್ಯಾಸನು ವ್ಯಾಧಿಯನ್ನು ಧಾತು, ರಸ, ಇಂದ್ರಿಯಗಳ ಏರುಪೇರು ಎಂದಷ್ಟೇ ವಿವರಿಸುತ್ತಾನೆ. ರೋಗಿಯ ನಡತೆಯ ವಿಚಾರಣೆ ಅಲ್ಲಿಲ್ಲ. ಮಾತ್ರೆ ಬೇಕಾದವರು ಮಾತ್ರೆ ತೆಗೆದುಕೊಳ್ಳಲಿ. ನೋಡಲು ಹೋದವರು ಕರುಣೆಯ ಪಾಠವನ್ನು ಸ್ವಲ್ಪ ಓದಿಕೊಂಡು ಹೋಗಲಿ.

ನಾಲ್ಕರಲ್ಲಿ ಉಪೇಕ್ಷೆಯೇ ನನಗೆ ಇನ್ನೂ ತೊಡಕು. ಲಂಚ ಕೇಳುವವನನ್ನು, ಕೆರೆ ನುಂಗುವವನನ್ನು ಉಪೇಕ್ಷಿಸಿ ನನ್ನ ಚಿತ್ತವನ್ನಷ್ಟೇ ತಿಳಿಯಾಗಿಟ್ಟುಕೊಂಡರೆ ಊರಿನ ಗತಿ? ಅರ್ಜಿ ಬರೆಯಬೇಕು, ಸಾಕ್ಷಿ ಹೇಳಬೇಕು. ಆದರೆ ಅರ್ಜಿ ಕೊಟ್ಟು ಬಂದ ಮೇಲೂ ರಾತ್ರಿ ಎರಡು ಗಂಟೆಗೆ ಆ ಮನುಷ್ಯನ ಜೊತೆ ಮನಸ್ಸಿನಲ್ಲೇ ವಾದ ಮಾಡುತ್ತ ಹಲ್ಲು ಕಡಿಯುವುದರಿಂದ ಕೆರೆಗೇನೂ ಲಾಭವಿಲ್ಲ. ಪತಂಜಲಿ ಬಹುಶಃ ಆ ಎರಡು ಗಂಟೆಯ ಬಗ್ಗೆ ಹೇಳುತ್ತಿದ್ದಾನೆ. ಮುಂದೆ ಮೂರನೆಯ ಪಾದದಲ್ಲಿ ಮೈತ್ರಿ ಮೊದಲಾದವುಗಳಿಂದ ಬಲ ಬರುತ್ತದೆ ಎಂದು ಅವನು ಹೇಳುವಾಗ ವ್ಯಾಸನು ಎಣಿಸುವುದು ಮೂರನ್ನೇ: ಮೈತ್ರಿ, ಕರುಣೆ, ಸಂತೋಷ. ಉಪೇಕ್ಷೆಯನ್ನು ಬಿಟ್ಟುಬಿಡುತ್ತಾನೆ. ಅದು ಬೆಳೆಸಿಕೊಳ್ಳಬೇಕಾದ ಭಾವನೆಯೇ ಅಲ್ಲ, ಆದ್ದರಿಂದ ಅದರ ಮೇಲೆ ಧ್ಯಾನವೂ ಇಲ್ಲ, ಅದರಿಂದ ಬಲವೂ ಇಲ್ಲ ಎಂಬುದು ಅವನ ವಾದ.