ಪತ್ತು

ನಮ್ಮ ಕಡೆಯ ಹಳ್ಳಿಗಳಲ್ಲಿ ಸಹಕಾರ ಸಂಘದ ಹಲಗೆಯ ಮೇಲೆ ‘ಪತ್ತಿನ’ ಎಂಬ ಮಾತೊಂದು ಇರುತ್ತದೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅದೇ ಮಾತು ‘ಪತಸಂಸ್ಥಾ’ ಎಂಬ ಹಲಗೆಯ ಮೇಲೆ ಕುಳಿತಿರುತ್ತದೆ. ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಊರಿನವರಿಗೆ ಎರಡೂ ಪರಿಚಿತವೇ. ಸಾಲ ಹುಟ್ಟುವ ಯೋಗ್ಯತೆ ಎಂಬುದು ಅದರ ವ್ಯವಹಾರದ ಅರ್ಥ. ಆದರೆ ‘ಅವನಿಗೆ ಪತ ಉಳಿದಿಲ್ಲ’ ಎಂದು ಯಾರಾದರೂ ಅಂದರೆ, ಕೇಳಿದವರು ಅದನ್ನು ಬರಿಯ ದುಡ್ಡಿನ ಮಾತೆಂದು ತಿಳಿಯುವುದಿಲ್ಲ. ಮನುಷ್ಯನ ಮೇಲೆಯೇ ತೀರ್ಪು ಬಂತೆಂದು ತಿಳಿಯುತ್ತಾರೆ.

ಈ ಪತ್ತಿಗೆ ಈಗ ಮೂರಂಕಿಯ ಬೆಲೆ ಬಂದಿದೆ. ಸಾಲಗಾರರ ವಿವರ ಕೂಡಿಡುವ ಸಿಬಿಲ್ ಎಂಬ ಸಂಸ್ಥೆ ಹುಟ್ಟಿದ್ದು 2000ದಲ್ಲಿ; ಇಂಥ ಕಂಪನಿಗಳಿಗೆಂದೇ ಕಾನೂನು ಆದದ್ದು 2005ರಲ್ಲಿ. ಈಗ ಅಂಥವು ನಾಲ್ಕಿವೆಯಾದರೂ ಜನರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ. 300ರಿಂದ 900ರವರೆಗೆ ಅಂಕ. 750 ದಾಟಿದವನನ್ನು ಸಾಮಾನ್ಯವಾಗಿ ಕುರ್ಚಿ ಕೊಟ್ಟು ಕೂರಿಸುತ್ತಾರೆ. ಕಂತುಗಳನ್ನು ಹೊತ್ತಿಗೆ ಕಟ್ಟಿದನೆ, ಇರುವ ಮಿತಿಯಲ್ಲಿ ಎಷ್ಟು ಸಾಲ ಬಳಸಿದ್ದಾನೆ, ಎಷ್ಟು ವರ್ಷದ ರೂಢಿ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದಾನೆ ಎಂಬುವೇ ಅದರ ಮುಖ್ಯ ಆಧಾರ. ಕೂಡಿಸಿ ಕಳೆಯುವ ಸೂತ್ರ ಮಾತ್ರ ಗುಟ್ಟು.

ಮೆಹಕರದಲ್ಲಿ ನನಗೆ ಬಲ್ಲ ಹಿರಿಯ ರೈತರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಮಗನಿಗೆಂದು ಕಾರು ಕೊಳ್ಳಲು ಬೀದರಿನ ಒಂದು ಶೋರೂಮಿಗೆ ಹೋದರು. ಕಾರಿನ ಬೆಲೆಯಲ್ಲಿ ಅವರಿಗೂ ಪಕ್ಕದಲ್ಲಿ ಕುಳಿತಿದ್ದ ನೌಕರನಿಗೂ ಭೇದವಿರಲಿಲ್ಲ. ಭೇದ ಬಂದದ್ದು ಸಾಲದ ಮಾತು ತೆಗೆದಾಗ. ಹುಡುಗ ಕಂಪ್ಯೂಟರಿನಲ್ಲಿ ಪ್ಯಾನ್ ಸಂಖ್ಯೆ ಒತ್ತಿ ನೋಡಿದ. ಕಾಕಾನ ಹೆಸರಿನಲ್ಲಿ ಅಂಕವೇ ಇಲ್ಲ! ಕಡಮೆ ಅಂಕವೂ ಅಲ್ಲ, ಏನೂ ಇಲ್ಲ. ಮುಂಗಡ ಹೆಚ್ಚು ಕೊಡಬೇಕು, ಬಡ್ಡಿಯೂ ಹೆಚ್ಚು ಎಂದ. ‘ಜನ್ಮದಾಗ ಯಾರ ಕಡೆನೂ ಒಂದ್ ರೂಪಾಯಿ ಸಾಲ ತಗೊಂಡಿಲ್ರಿ ಸರ್, ಅದೇ ತಪ್ಪಾಯ್ತೇನ್ರಿ?’ ಎಂದು ಆಮೇಲೆ ನನ್ನನ್ನು ಕೇಳಿದರು.

ಬಡ್ಡಿಯ ಹೆಚ್ಚಳ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಆರು ಲಕ್ಷ ರೂಪಾಯಿ ಸಾಲ, ಐದು ವರ್ಷದ ಅವಧಿ. ಶೇ. 9ರ ಬಡ್ಡಿಗೆ ತಿಂಗಳ ಕಂತು ಸುಮಾರು 12,450 ರೂಪಾಯಿ, ಶೇ. 13ಕ್ಕಾದರೆ ಸುಮಾರು 13,650. ಐದು ವರ್ಷಕ್ಕೆ 72,000 ರೂಪಾಯಿಯ ಅಂತರ. ಅದೇ ಕಾರು, ಅದೇ ರಸ್ತೆ. ಇದರ ಮೇಲೆ ಇನ್ನೊಂದು ಮಾತಿದೆ. ಸಾಲ ಕೊಡಿಸಿದ ಅಂಗಡಿಗೆ ಸಾಲ ಕೊಟ್ಟ ಕಂಪನಿಯಿಂದ ಕಮಿಷನ್ ಬರುವುದುಂಟು. ಆದ್ದರಿಂದ ‘ನಿಮ್ಮ ಅಂಕಕ್ಕೆ ಇದೇ ದರ’ ಎಂದು ಅವನು ಹೇಳಿದಾಗ, ಅದು ಅಂಕದ ದರವೋ ಅಂಗಡಿಯ ದರವೋ ಎಂದು ಗಿರಾಕಿಗೆ ತಿಳಿಯುವುದು ಕಷ್ಟ. ಮೊದಲೇ ನಾಚಿಕೆಗೆ ಒಳಗಾದವನು ಚೌಕಾಸಿ ಮಾಡುವುದಿಲ್ಲ. ಎತ್ತಿನ ಸಂತೆಯಲ್ಲಿ ಗಂಟೆಗಟ್ಟಲೆ ಜಗ್ಗುವ ಕಾಕಾ ಅಲ್ಲಿ ಬಾಯಿ ತೆರೆಯಲಿಲ್ಲ. ಇನ್ನೆರಡು ಬ್ಯಾಂಕುಗಳಲ್ಲಿ ದರ ಕೇಳಿ ಬರುತ್ತೇನೆ ಎನ್ನುವ ಧೈರ್ಯವೂ ಬರಲಿಲ್ಲ.

ಹಾಗಾದರೆ ಇದು ಅನ್ಯಾಯವೆ? ಅಷ್ಟು ಸುಲಭವಾಗಿ ಹೇಳಲಾರೆ. ಅಪರಿಚಿತನ ಕೈಗೆ ಹಣ ಕೊಡುವವನು ಏನನ್ನಾದರೂ ನೋಡಿಯೇ ಕೊಡಬೇಕು. ಹಿಂದೆ ನೋಡುತ್ತಿದ್ದದ್ದು ಏನನ್ನು? 1905ರಲ್ಲಿ ಗದುಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ, ಆ ಕಾಲದ ಗ್ರಾಮಸಂಘಗಳ ಪದ್ಧತಿಯಂತೆ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ಮುಳುಗಿದರೆ ಉಳಿದವರ ಮನೆಗೂ ನೀರು. ಆದದ್ದರಿಂದ ಒಬ್ಬರನ್ನೊಬ್ಬರು ಬಲ್ಲವರೇ ಕೂಡಿದರು. ಅಲ್ಲಿ ತೂಗುವವನೂ ತಕ್ಕಡಿಯಲ್ಲೇ ಕುಳಿತಿದ್ದ. ಇಂದಿನ ಅಂಕ ಕೊಡುವವನಿಗೆ ಅಂಥ ಹೊಣೆ ಯಾವುದೂ ಇಲ್ಲ.

ಆದರೆ ಹಳೆಯದನ್ನು ಹಾಡಿ ಹೊಗಳಲೂ ಮನಸ್ಸು ಒಪ್ಪದು. ಊರಿನ ಪತ್ತು ಎಲ್ಲರಿಗೂ ಒಂದೇ ಆಗಿತ್ತೆ? ಹೊಲವಿದ್ದವನಿಗೆ, ಇಂಥವರ ಮಗನೆನಿಸಿದವನಿಗೆ ಅಡತಿ ಅಂಗಡಿಯಲ್ಲಿ ಉದ್ರಿ ಸಿಕ್ಕುತ್ತಿತ್ತು. ಊರ ಹೊರಗಿನ ಕೇರಿಯವನು ಎಷ್ಟೇ ಪ್ರಾಮಾಣಿಕನಾದರೂ ಸಾಹುಕಾರನ ಕಟ್ಟೆಯ ಕೆಳಗೇ ನಿಲ್ಲಬೇಕಿತ್ತು. ಅಂಕಕ್ಕೆ ಜಾತಿ ಗೊತ್ತಿಲ್ಲ. ಇದನ್ನು ಸಣ್ಣ ಗುಣವೆಂದು ತಳ್ಳಿಹಾಕುವವರು ಕಟ್ಟೆಯ ಕೆಳಗೆ ನಿಂತವರಲ್ಲ. (ಆದರೂ ಬ್ಯಾಂಕಿನ ಬಾಗಿಲನ್ನೇ ತುಳಿಯಗೊಡದೆ ಇಟ್ಟವರ ಮಕ್ಕಳಿಗೆ ಇಂದು ‘ನಿಮ್ಮ ಇತಿಹಾಸವಿಲ್ಲ’ ಎನ್ನುವಾಗ, ಹಳೆಯ ಕಟ್ಟೆ ಹೊಸ ವೇಷದಲ್ಲಿ ಬಂತೋ ಎಂಬ ಶಂಕೆ ಬಾರದಿರದು.)

ನನ್ನ ತಕರಾರು ಬೇರೆ ಕಡೆ ಇದೆ. ಅಂಕ ಹೇಳುವುದು ಒಂದು ಅಂದಾಜನ್ನು: ಇಂಥ ರೂಢಿಯವರು ಕಂತು ತಪ್ಪಿಸುವ ಸಂಭವ ಇಷ್ಟು ಎಂದು. ಅದನ್ನು ನಾವು ಶೀಲದ ಪ್ರಮಾಣಪತ್ರವನ್ನಾಗಿ ಓದತೊಡಗಿದ್ದೇವೆ. ಕಬ್ಬಿನ ಬಾಕಿ ಬರುವುದು ತಡವಾಗಿ ಕಂತು ತಡವಾಯಿತೋ, ಮಳೆ ಹೋಯಿತೋ, ಮನೆಯಲ್ಲಿ ರೋಗಿ ಇದ್ದರೋ, ಅಥವಾ ಕೈಯಲ್ಲಿ ಹಣವಿಟ್ಟುಕೊಂಡೇ ಮೋಸ ಮಾಡಿದನೋ, ಅದರ ಪುಸ್ತಕದಲ್ಲಿ ಎಲ್ಲಕ್ಕೂ ಒಂದೇ ಗುರುತು: ತಡವಾದ ದಿನಗಳ ಸಂಖ್ಯೆ. ಸುಗ್ಗಿಗೊಮ್ಮೆ ಹಣ ಕಾಣುವವನನ್ನು ತಿಂಗಳ ಸಂಬಳದವನ ಕ್ಯಾಲೆಂಡರಿನಿಂದ ಅಳೆಯುತ್ತೇವೆ. ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳಿಗೊಂದು ಕಂತು ಇಡುವ ವಿವೇಕ ಇದ್ದವರಿಗೆ ಕಾರಿನ ವಿಷಯದಲ್ಲಿ ಅದು ಏಕೆ ಹೊಳೆಯಲಿಲ್ಲವೋ.

ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಭಂಡಾರ ಬರಿದು ಮಾಡಿದರೆಂಬ ದೂರು ಹೋದದ್ದೂ, ಲೆಕ್ಕ ತೆಗೆಸಿ ನೋಡಿದಾಗ ಎಲ್ಲವೂ ಸರಿಯಾಗಿದ್ದದ್ದೂ ಪುರಾಣಗಳು ಹೇಳುವ ಕಥೆ. ಪವಾಡವನ್ನು ಬಿಡೋಣ. ದೂರು ಕೇಳಿದ ದೊರೆ ಆಪಾದಿತನ ಎದುರಿಗೇ ಲೆಕ್ಕ ಬಿಚ್ಚಿಸಿದ ಎಂಬುದು ಗಮನಿಸತಕ್ಕದ್ದು. ಕಾಕಾ ಯಾರ ಎದುರು ನಿಂತು ಉತ್ತರ ಹೇಳಬೇಕು? ನಿಯಮವೇನೋ ಇದೆ: 2017ರಿಂದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಪ್ರತಿ ಕಂಪನಿಯಿಂದ ತಮ್ಮ ಪೂರ್ಣ ವರದಿ ಅಂಕಸಮೇತ ಉಚಿತ, ತಪ್ಪಿದ್ದರೆ ದೂರು ಕೊಡಬಹುದು, 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವೆಂದು 2023ರಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದೆ. ಒಳ್ಳೆಯದೇ. ಆದರೆ ಅಲ್ಲಿ ತಪ್ಪನ್ನು ತಿದ್ದಿಸಬಹುದೇ ಹೊರತು ಕಾರಣವನ್ನು ಹೇಳಿಕೊಳ್ಳಲು ಬರುವುದಿಲ್ಲ. ಸಾಲವನ್ನೇ ಮಾಡದ ಕಾಕಾಗೆ ತಿದ್ದಿಸಲು ತಪ್ಪೂ ಇಲ್ಲ.

ಶೋರೂಮಿನ ಹುಡುಗ ಒಂದು ಉಪಾಯ ಹೇಳಿದನಂತೆ: ಮೊದಲು ಬೇಡದ ಸಣ್ಣ ಸಾಲವೊಂದನ್ನು ಮಾಡಿ, ಹೊತ್ತಿಗೆ ತೀರಿಸಿ, ಆಮೇಲೆ ಬನ್ನಿ. ಸಾಲವಿಲ್ಲದೆ ಬಾಳಬೇಕೆಂದು ಮಕ್ಕಳಿಗೆ ಹೇಳಿಕೊಂಡು ಬಂದವರಿಗೆ ಅರವತ್ತು ದಾಟಿದ ಮೇಲೆ ಬಂದ ಪಾಠ ಇದು. ಇದು ಕೆಟ್ಟ ಸಲಹೆಯೇನೂ ಅಲ್ಲ, ಕೆಲಸಕ್ಕೆ ಬರುವಂಥದೇ. ನನಗೆ ಅದರಿಂದಲೇ ಕಸಿವಿಸಿ.

ಜಾಮೀನಿನ ಸಂಗತಿಯೂ ಇದೆ. ಮತ್ತೊಬ್ಬರ ಸಾಲಕ್ಕೆ ಸಹಿ ಹಾಕಿದರೆ ಆ ಸಾಲ ನಮ್ಮ ವರದಿಯಲ್ಲೂ ಕೂರುತ್ತದೆ. ಅವರು ತಪ್ಪಿದರೆ ನಮ್ಮ ಅಂಕವೂ ಇಳಿಯಬಹುದು. ಸಂಬಳದ ಚೀಟಿ ಇರುವ ಮೇಷ್ಟರ ಬಳಿಗೆ ಜಾಮೀನು ಕೇಳಿಕೊಂಡು ಬರುವವರಿಗೆ ಕೊರತೆಯಿಲ್ಲ. ಹಿಂದೆ ನಮ್ಮ ಸ್ಟಾಫ್ ರೂಮಿನಲ್ಲಿ ‘ಮನುಷ್ಯ ಹೇಗೆ?’ ಎಂದು ವಿಚಾರಿಸಿ ಸಹಿ ಹಾಕುತ್ತಿದ್ದರು, ಇಲ್ಲವೆ ಒಲ್ಲೆ ಎನ್ನುತ್ತಿದ್ದರು. ಈಗ ಬಂದವನ ಊರು ಹೆಸರು ಕೇಳುವುದಕ್ಕಿಂತ ಮೊದಲೇ, ‘ನಂದು ಸಿಬಿಲ್ ಕೆಡತದ್ರಿ’ ಎನ್ನುತ್ತಾರೆ. ಬಂದವನೂ ಅದಕ್ಕೆ ಬೇಸರಪಡದೆ, ಹೌದ್ರಿ ಎಂದು ಎದ್ದು ಹೋಗುತ್ತಾನೆ.