ಮಲಪ್ರಭೆಯ ದಂಡೆಯ ಮನೆಗಳಲ್ಲಿ ಎಚ್‌ಡಿ ಟಿ.ವಿ.: ಒಂದು ಮೀಮಾಂಸೆ

ವಿಷಯ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ – ಈ ನಾಲ್ಕು ಊರುಗಳ ಯಾವ ಅಂಗಡಿಗೆ ಹೋದರೂ ಇಂದು ಸಿಗುವುದು ಎಚ್‌ಡಿ ಟಿ.ವಿ.ಯೇ. ಬೆನ್ನು ಉಬ್ಬಿದ ಪಿಕ್ಚರ್ ಟ್ಯೂಬ್ ಟಿ.ವಿ.ಗಳ ಮಾರಾಟ ನಿಂತು ವರ್ಷಗಳಾದವು. ಹೀಗಾಗಿ ಹಳೆಯದು ಕೆಟ್ಟು ಹೊಸದು ತಂದ ಪ್ರತಿ ಮನೆಯೂ ಹೆಸರಿಗೆ ಎಚ್‌ಡಿ ಮನೆಯಾಯಿತು. ಆದರೆ ಅದೇ ತೆರೆಯ ಮೇಲೆ ಹಳೆಯ ಬಾಕ್ಸಿನಿಂದ, ಹಳೆಯ ವೈರಿನಿಂದ ಬರುವ ಹಳೆಯ ಚಿತ್ರವೇ ಎಷ್ಟೋ ಕಡೆ ಹಿಗ್ಗಿ ಮೂಡುತ್ತಿದೆ. ಹಣ ಹೋಗಿದೆ, ಸ್ಪಷ್ಟತೆ ಬಂದಿಲ್ಲ.

ಟಿ.ವಿ.ಯ ಹಿಂದಿನ ಹೆಜ್ಜೆಗಳಲ್ಲಿ ಹೀಗಾಗಿರಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಲ್ಲಿ ಆ ಹಳ್ಳಿಗಳು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಲ್ಲಿದ್ದವು. ರಾಮದುರ್ಗ ತಾಲ್ಲೂಕು ಆಗಿನ ವಿಜಾಪುರ ಜಿಲ್ಲೆಗೆ ತಾಗಿಯೇ ಇತ್ತು. ಆ ಪ್ರಯೋಗದ ಹಳ್ಳಿಗಳಿಗೆ ಪ್ರಸಾರದ ಏರ್ಪಾಡಿನ ಜೊತೆಗೇ ಪೆಟ್ಟಿಗೆ ಬಂತು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದ ಮೇಲೆ ಜನ ಬಣ್ಣದ ಟಿ.ವಿ. ಕೊಂಡರು. ಎಚ್‌ಡಿಯಲ್ಲಿ ಈ ಕ್ರಮ ತಿರುವುಮುರುವಾಗಿದೆ: ಪೆಟ್ಟಿಗೆ ಮೊದಲು ಮನೆ ಸೇರುತ್ತದೆ, ಪ್ರಸಾರವನ್ನು ಮನೆಯವರೇ ಆಮೇಲೆ ಕೇಳಿ ತರಿಸಿಕೊಳ್ಳಬೇಕು. ಈ ವಿಚಾರಕ್ಕೆ ಮೀಮಾಂಸೆ ಬೇಕಾದದ್ದು ಇದೇ ಕಾರಣಕ್ಕೆ.

ಸಂಶಯ

ಸಂಶಯ ಎರಡು. ಒಂದು, ನಮ್ಮ ಭಾಗದ ಸಾಧಾರಣ ಮನೆಗೆ ಎಚ್‌ಡಿ ಬೇಕೋ ಬೇಡವೋ. ಎರಡು, ಬೇಕೆಂದರೆ ಯಾವಾಗ ಅದು ನಿಜವಾಗಿ ಬಂತೆಂದು ತಿಳಿಯಬೇಕು: ಟಿ.ವಿ. ಗೋಡೆಗೆ ಏರಿದಾಗಲೋ, ಇನ್ನೇನಾದರೂ ಆದಾಗಲೋ. ಮೊದಲನೆಯದಕ್ಕೆ ಉತ್ತರ ಎರಡನೆಯದರ ಮೇಲೆ ನಿಂತಿರುವುದರಿಂದ ಮೊದಲು ಲಕ್ಷಣವನ್ನು ನೋಡೋಣ.

ಲಕ್ಷಣ

ಡಿಜಿಟಲ್ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ಸಾಲು. ಸಾದಾ ಪ್ರಸಾರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಒಟ್ಟು 4,14,720 ಚುಕ್ಕೆ. 32 ಇಂಚಿನ ಎಷ್ಟೋ ಟಿ.ವಿ.ಗಳ ಮೇಲೆ ಬರೆದಿರುವ ‘ಎಚ್‌ಡಿ ರೆಡಿ’ ಎಂದರೆ ಸಾಮಾನ್ಯವಾಗಿ 1366 ಮತ್ತು 768, ಸುಮಾರು ಹತ್ತೂವರೆ ಲಕ್ಷ. ಫುಲ್ ಎಚ್‌ಡಿ ಎಂದರೆ 1920 ಮತ್ತು 1080, ಇಪ್ಪತ್ತು ಲಕ್ಷದ ಮೇಲೆ. ಸಾದಾ ಚಿತ್ರಕ್ಕಿಂತ ಇದು ಐದು ಪಟ್ಟು. 4ಕೆ ಅದರ ನಾಲ್ಕು ಪಟ್ಟು.

ಈ ಚುಕ್ಕೆಗಳು ಕಣ್ಣು ಮುಟ್ಟುವ ಮೊದಲು ದಾಟಬೇಕಾದ ಹಂತ ಐದು: ಚಿತ್ರೀಕರಣ, ವಾಹಿನಿಯ ಪ್ರಸಾರ, ಸೆಟ್‌ಟಾಪ್ ಬಾಕ್ಸ್, ಬಾಕ್ಸಿನಿಂದ ಟಿ.ವಿ.ಗೆ ಹೋಗುವ ವೈರು, ಕೊನೆಗೆ ತೆರೆ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಕಾಲುವೆಯ ತುದಿಯ ಹೊಲಕ್ಕೆ ಮೇಲಿನ ಗೇಟುಗಳು ಬಿಟ್ಟಷ್ಟೇ ನೀರು ಬರುವ ಹಾಗೆ, ತೆರೆಗೆ ಹಿಂದಿನ ನಾಲ್ಕು ಹಂತ ಬಿಟ್ಟಷ್ಟೇ ಚುಕ್ಕೆ ಬರುತ್ತವೆ. ಬಾಕ್ಸು ಸಾದಾ ಆಗಿದ್ದರೆ ಅಲ್ಲಿಗೇ ನಿಂತಿತು. ಬಾಕ್ಸು ಎಚ್‌ಡಿ ಇದ್ದೂ ಹಳದಿ, ಬಿಳಿ, ಕೆಂಪು ಪಿನ್ನಿನ ಮೂರೆಳೆ ವೈರಿನಿಂದ ಜೋಡಿಸಿದರೆ ಅದು ಸಾದಾ ಚಿತ್ರವನ್ನಷ್ಟೇ ಹೊರುತ್ತದೆ. ಎಚ್‌ಡಿ ಚಿತ್ರಕ್ಕೆ ಎಚ್‌ಡಿಎಂಐ ವೈರು ಬೇಕು. ಐದು ಹಂತಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಳಗಿದೆಯೋ ಅದೇ ನಿಮ್ಮ ಮನೆಯ ಟಿ.ವಿ.ಯ ನಿಜವಾದ ಮಟ್ಟ.

ಪೂರ್ವಪಕ್ಷಗಳು, ಸಮಾಧಾನಗಳು

ಮೊದಲ ಆಕ್ಷೇಪ: “ಹತ್ತು ಫೂಟ್ ದೂರ ಕುಂತು ನೋಡಾವ್ರಿಗೆ ಎಚ್‌ಡಿ ಆದ್ರೇನು, ಸಾದಾ ಆದ್ರೇನು? ಕಣ್ಣಿಗೆ ಗೊತ್ತ ಆಗೂದಿಲ್ಲ.”

ಇದು ಎಲ್ಲ ಆಕ್ಷೇಪಗಳಲ್ಲಿ ಬಲವಾದದ್ದು. ಅಳತೆ ಹಿಡಿದೇ ಉತ್ತರಿಸಬೇಕು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರೆಬೇರೆಯಾಗಿ ಕಾಣಬಲ್ಲದು. ಅದಕ್ಕಿಂತ ಸಣ್ಣದು ಒಂದರಲ್ಲೊಂದು ಬೆರೆತುಹೋಗುತ್ತದೆ. 32 ಇಂಚಿನ ತೆರೆಯ ಎತ್ತರ ಸುಮಾರು 15.7 ಇಂಚು. ಅದರಲ್ಲಿ ಸಾದಾ ಚಿತ್ರದ 576 ಗೆರೆಗಳಿದ್ದರೆ (ಚುಕ್ಕೆಗಳ ಒಂದು ಅಡ್ಡಸಾಲೇ ಒಂದು ಗೆರೆ) ಒಂದೊಂದು ಗೆರೆ ಕಣ್ಣಿಗೆ ಬಿಡಿಯಾಗಿ ಕಾಣುವುದು ಸುಮಾರು 7.8 ಅಡಿಯೊಳಗೆ. ಅಂದರೆ 32 ಇಂಚಿನ ಟಿ.ವಿ.ಯನ್ನು ಹತ್ತು ಅಡಿಯಿಂದ ನೋಡುವವರಿಗೆ ಚುಕ್ಕೆ ಹೆಚ್ಚಾದ ಲಾಭ ಬಹುಮಟ್ಟಿಗೆ ಸಿಗುವುದಿಲ್ಲ. ಇಷ್ಟರಮಟ್ಟಿಗೆ ಆಕ್ಷೇಪ ಸರಿ, ಒಪ್ಪಲೇಬೇಕು.

ಆದರೆ ಇದೇ ಲೆಕ್ಕ ದಾರಿಯನ್ನೂ ತೋರಿಸುತ್ತದೆ. 43 ಇಂಚಿನ ತೆರೆಯ ಎತ್ತರ ಸುಮಾರು 21 ಇಂಚು. ಅಲ್ಲಿ ಸಾದಾ ಚಿತ್ರದ ಗೆರೆಗಳು ಹತ್ತೂವರೆ ಅಡಿಯವರೆಗೂ ಕಣ್ಣಿಗೆ ಬೀಳುತ್ತವೆ, ಫುಲ್ ಎಚ್‌ಡಿಯ ಪೂರ್ತಿ ಸೊಬಗು ಐದೂವರೆ ಅಡಿಯಲ್ಲಿ ದೊರೆಯುತ್ತದೆ. ಆರರಿಂದ ಎಂಟು ಅಡಿಯಲ್ಲಿ ಕೂತವರಿಗೆ ಸಾದಾ ಮತ್ತು ಎಚ್‌ಡಿ ಎರಡರ ನಡುವಿನ ಅಂತರ ಕಣ್ಣಿಗೆ ಹೊಡೆಯುತ್ತದೆ. ಪಡಸಾಲೆ ಹತ್ತು ಅಡಿಯದಾದರೆ 43 ಇಂಚು ತೆಗೆದುಕೊಂಡು ಕುರ್ಚಿಯನ್ನು ಎರಡು ಅಡಿ ಮುಂದೆ ಹಾಕಿ. ಮಂಚದ ಎದುರಿನ ಐದು ಅಡಿಯ ಸಣ್ಣ ಕೋಣೆಗೆ 32 ಇಂಚು ಧಾರಾಳ ಸಾಕು. 4ಕೆಯ ಮಾತೇ ಬೇರೆ: 43 ಇಂಚಿನಲ್ಲಿ ಅದರ ಪೂರ್ಣ ಲಾಭಕ್ಕೆ ಮೂರು ಅಡಿ ಹತ್ತಿರ ಕೂಡಬೇಕು. ಹಾಗೆ ಯಾರೂ ಕೂಡುವುದಿಲ್ಲ. ಇದೇ ಗಾತ್ರದಲ್ಲಿ 4ಕೆಗೆಂದು ಹೆಚ್ಚು ಹಣ ಕೊಡುವುದು ವ್ಯರ್ಥ.

ಎರಡನೆಯ ಆಕ್ಷೇಪ: “ಬರೂದೆಲ್ಲಾ ಸಾದಾನೇ ಬರ್ತೈತಿ. ಎಚ್‌ಡಿ ತೊಗೊಂಡು ಏನ್ ನೋಡೂದು?”

ಇದು ಅರ್ಧ ನಿಜ. ಡಿಡಿ ಫ್ರೀ ಡಿಶ್ 2004ರ ಡಿಸೆಂಬರಿನಿಂದ ತಿಂಗಳ ಬಾಡಿಗೆಯಿಲ್ಲದೆ ನಡೆದುಬಂದಿದೆ, ಹೊಲದ ಮನೆಗಳಿಗೆ ಅದು ದೊಡ್ಡ ಆಸರೆ. ಆದರೆ ಅದರ ಬಹುತೇಕ ವಾಹಿನಿಗಳು ಸಾದಾ ಮಟ್ಟದವು. ಅದೊಂದನ್ನೇ ನೋಡುವ ಮನೆಯವರು ಎಚ್‌ಡಿ ಹೆಸರಿನಲ್ಲಿ ಹೆಚ್ಚು ಖರ್ಚು ಮಾಡಬಾರದು. ಕೇಬಲ್ ಮತ್ತು ಖಾಸಗಿ ಡಿಶ್ ಇರುವವರ ಸಂಗತಿ ಬೇರೆ. ಕೇಬಲ್ ಡಿಜಿಟಲ್ ಆಗಬೇಕೆಂಬ ಕಾನೂನಿನ ಪ್ರಕಾರ ಬೆಂಗಳೂರು, ಮೈಸೂರಿನಂಥ ನಗರಗಳ ಸರದಿ 2013ರಲ್ಲಿ ಬಂತು. ಉಳಿದ ಪಟ್ಟಣಗಳಿಗೆ 2015ರ ಕೊನೆ, ಹಳ್ಳಿಗಳಿಗೆ 2017ರ ಮಾರ್ಚ್ ಗಡುವಾಗಿತ್ತು. ಆಗ ಮನೆಮನೆಗೆ ಬಂದ ಬಾಕ್ಸುಗಳಲ್ಲಿ ಬಹಳಷ್ಟು ಸಾದಾ ಬಾಕ್ಸುಗಳು. ಇಂದಿಗೂ ಅವೇ ನಡೆದಿರುವ ಮನೆಗಳಿವೆ. ಇತ್ತ 2016ರಿಂದೀಚೆಗೆ ಕಲರ್ಸ್ ಕನ್ನಡ, ಸುವರ್ಣ, ಉದಯ, ಜೀ ಕನ್ನಡದಂಥ ಮನರಂಜನೆಯ ವಾಹಿನಿಗಳು ಒಂದೊಂದಾಗಿ ಎಚ್‌ಡಿಯಲ್ಲೂ ಬಂದಿವೆ. ವಾಹಿನಿಯ ಗೇಟು ತೆರೆದಿದೆ, ಮುಚ್ಚಿರುವುದು ಬಾಕ್ಸಿನದು. ಎಚ್‌ಡಿ ಬಾಕ್ಸು ಕೇಳಿ ಪಡೆಯುವುದು ಹೊಸ ಟಿ.ವಿ. ತರುವುದಕ್ಕಿಂತ ಅಗ್ಗದ ಕೆಲಸ.

ತಿಂಗಳ ಬಿಲ್ಲಿನ ಲೆಕ್ಕ ತಿಳಿದಿರಲಿ. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ, ಪ್ರಸಾರ ನಿಯಂತ್ರಕ ಸಂಸ್ಥೆ ಟ್ರಾಯ್‌ನ ವ್ಯವಸ್ಥೆಯಲ್ಲಿ ಒಂದು ಎಚ್‌ಡಿ ವಾಹಿನಿಯನ್ನು ಎರಡು ಸಾದಾ ವಾಹಿನಿಗಳಿಗೆ ಸಮವೆಂದು ಎಣಿಸಲಾಯಿತು, ಬೆಲೆಯೂ ಬೇರೆ. ಮನೆಯವರು ನಿಜವಾಗಿ ನೋಡುವ ಎರಡು ಮೂರನ್ನಷ್ಟೇ ಎಚ್‌ಡಿಯಲ್ಲಿ ಆರಿಸಿ, ಅವೇ ವಾಹಿನಿಗಳ ಸಾದಾ ರೂಪವನ್ನು ಬಿಡಿಸಿ. ಒಂದೇ ವಾಹಿನಿಗೆ ಎರಡು ಸಲ ದುಡ್ಡು ಕೊಡುವುದು ಬೇಡ.

ಮೂರನೆಯ ಆಕ್ಷೇಪ: “ನಮಗ ಬೇಕಾದದ್ದು ಹಳೇ ಪಿಚ್ಚರ್. ಅವು ಎಚ್‌ಡಿ ಹೆಂಗ ಆಗ್ತಾವ?”

ಇಲ್ಲಿ ವಸ್ತುವನ್ನೇ ವಿಂಗಡಿಸಬೇಕು. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರದು, ಕಪ್ಪು-ಬಿಳುಪಿನದು, ಬಿ. ಸರೋಜಾದೇವಿ ರಾಣಿಯ ಪಾತ್ರದಲ್ಲಿದ್ದಾರೆ. ಆ ಕಾಲದ ಸಿನಿಮಾ ರೀಲಿನ ಮೇಲೆ ಚಿತ್ರಿತವಾದದ್ದು. ಒಳ್ಳೆಯ ಸ್ಥಿತಿಯ 35 ಮಿ.ಮೀ. ನೆಗೆಟಿವ್ ಸಾದಾ ಟಿ.ವಿ. ತೋರಿಸಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚಿನ ವಿವರ ಹಿಡಿದಿಟ್ಟಿರುತ್ತದೆ. ಅಂಥ ರೀಲನ್ನು ಮತ್ತೆ ಚೆನ್ನಾಗಿ ಸ್ಕ್ಯಾನ್ ಮಾಡಿದರೆ ರಾಣಿಯ ಸೆರಗಿನ ಅಂಚು, ಕೋಟೆಯ ಕಲ್ಲಿನ ಗೀರು ಎಲ್ಲವೂ ಎಚ್‌ಡಿಯಲ್ಲಿ ಎದ್ದು ಬರುತ್ತವೆ. ಆದರೆ ವಿಡಿಯೊ ಟೇಪಿನ ಮೇಲೆ ತಯಾರಾದ ಹಳೆಯ ಧಾರಾವಾಹಿಗಳಲ್ಲಿ ಆ ವಿವರವೇ ದಾಖಲಾಗಿಲ್ಲ, ಯಾವ ತೆರೆಯೂ ಅದನ್ನು ಹುಟ್ಟಿಸಲಾರದು. ಆದ್ದರಿಂದ ಹಳೆಯದೆಲ್ಲ ಮಸುಕು ಎಂಬ ಮಾತು ತಪ್ಪು: ರೀಲಿನ ಸಿನಿಮಾಕ್ಕೆ ಎಚ್‌ಡಿ ನ್ಯಾಯ ಒದಗಿಸಬಲ್ಲದು, ಟೇಪಿನ ಧಾರಾವಾಹಿಗೆ ಇಲ್ಲ. ಚೆನ್ನಮ್ಮ ಕೊನೆಯುಸಿರೆಳೆದ ಬೈಲಹೊಂಗಲದ ಮಕ್ಕಳು ಈ ಚಿತ್ರವನ್ನು ಅದರ ಪೂರ್ಣ ಸ್ಪಷ್ಟತೆಯಲ್ಲಿ ನೋಡುವಂತಾಗಬೇಕು ಎಂಬುದು ನನ್ನ ಮನದಾಸೆ.

ನಾಲ್ಕನೆಯ ಆಕ್ಷೇಪ: “ಟಿ.ವಿ. ದೊಡ್ಡದಾದ್ರ ಹುಡುಗರ ಅಭ್ಯಾಸ ಕೆಡ್ತೈತಿ.”

ಹೊತ್ತು ಮೀರಿ ನೋಡಿದರೆ ಯಾವ ಟಿ.ವಿ.ಯಾದರೂ ಕೆಡಿಸುತ್ತದೆ. ಅದಕ್ಕೆ ಮದ್ದು ಮನೆಯ ಶಿಸ್ತು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಡಿಡಿ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಟಿ.ವಿ. ಪಾಠದ ಸಾಧನವೂ ಆಗಬಲ್ಲದೆಂದು ಅಂದು ಕಂಡಿತು. ನಮ್ಮ ಲಿಪಿಯನ್ನು ಹತ್ತಿರದಿಂದ ನೋಡಿ. ‘ಕ್ಷೇತ್ರ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ತೆರೆಯ ಮೇಲೆ ಬರೆದಾಗ ಒತ್ತಕ್ಷರಗಳು ಮುಖ್ಯ ಅಕ್ಷರದ ಅರ್ಧದಷ್ಟೇ ಇರುತ್ತವೆ. ಒಂದು ಸಾಲಿಗೆ ಇಪ್ಪತ್ತು ಗೆರೆ ಸಿಕ್ಕರೆ ಒತ್ತಿಗೆ ಉಳಿಯುವುದು ಏಳೆಂಟು. ಅಷ್ಟರಲ್ಲಿ ಟ ಒತ್ತು, ರ ಒತ್ತು ಕಲಸಿ ಬರೀ ಮಚ್ಚೆಯಾಗುತ್ತದೆ. ಫುಲ್ ಎಚ್‌ಡಿಯಲ್ಲಿ ಅದೇ ಜಾಗಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಗೆರೆ ಸಿಗುತ್ತವೆ, ಒತ್ತಿನ ಬಾಲ ಬಿಡಿಸಿ ಕಾಣುತ್ತದೆ. ಗಣಿತದ ಘಾತಾಂಕಕ್ಕೂ, ನಕಾಶೆಯ ಊರ ಹೆಸರಿಗೂ ಇದೇ ಮಾತು. ಅಂಗೈಯಗಲದ ಮೊಬೈಲಿನಲ್ಲಿ ಕಣ್ಣು ಕಿರಿದು ಮಾಡಿ ಪಾಠ ನೋಡುವ ಹುಡುಗಿಗೆ, ಅಕ್ಷರ ಮಸುಕಾಗುವ ವಯಸ್ಸಿನ ಅಜ್ಜನಿಗೆ ಎಚ್‌ಡಿ ತೆರೆ ಸೌಕರ್ಯವೇ ಹೊರತು ಷೋಕಿಯಲ್ಲ.

ಐದನೆಯ ಆಕ್ಷೇಪ: “ಕರೆಂಟ್ ಬಿಲ್ಲು, ವೋಲ್ಟೇಜ್ ಕಾಟ, ಸಿಡಿಲು – ಇದನ್ನೆಲ್ಲಾ ಯಾರು ನೋಡಾವ್ರು?”

21 ಇಂಚಿನ ಹಳೆಯ ಟ್ಯೂಬ್ ಟಿ.ವಿ. ಸುಮಾರು 80 ವ್ಯಾಟ್ ಎಳೆಯುತ್ತಿತ್ತು. 32 ಇಂಚಿನ ಎಲ್‌ಇಡಿಗೆ 50 ವ್ಯಾಟಿನ ಆಸುಪಾಸು ಸಾಕು. ದಿನಕ್ಕೆ ಐದು ತಾಸಿನಂತೆ ತಿಂಗಳಿಗೆ 12 ಯುನಿಟ್ ಇದ್ದದ್ದು ಏಳೂವರೆಗೆ ಇಳಿಯುತ್ತದೆ. 43 ಇಂಚಿನದು ಹಳೆಯದಕ್ಕೆ ಸರಿಸಮ. ಹೆಸ್ಕಾಂ ಬಿಲ್ಲಿನಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ ಈ ನಾಲ್ಕೈದು ಯುನಿಟ್ಟಿಗೂ ಬೆಲೆಯುಂಟು. ವೋಲ್ಟೇಜಿನ ವಿಷಯಕ್ಕೆ ಟಿ.ವಿ.ಯ ಬೆನ್ನ ಮೇಲಿನ ಚೀಟಿ ಓದಿ. 100ರಿಂದ 240 ಎಂದಿದ್ದರೆ ಕಡಿಮೆ ವೋಲ್ಟೇಜಿಗೆ ಅದು ಅಂಜುವುದಿಲ್ಲ. ಅಂಜಬೇಕಾದದ್ದು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ. ಸಿಡಿಲಿನ ಪೆಟ್ಟು ಕರೆಂಟಿನ ವೈರಿನಿಂದಷ್ಟೇ ಅಲ್ಲ, ಡಿಶ್ ಮತ್ತು ಕೇಬಲ್ ವೈರಿನಿಂದಲೂ ಒಳಬರುತ್ತದೆ. ಮೋಡ ಕವಿಯುತ್ತಲೇ ಎರಡನ್ನೂ ಕಿತ್ತಿಡಿ, ಮನೆಗೆ ಸರಿಯಾದ ಅರ್ಥಿಂಗ್ ಮಾಡಿಸಿ.

ಆರನೆಯ ಆಕ್ಷೇಪ: “ರೊಕ್ಕ ಎಲ್ಲಿಂದ ತರೂದು?”

ಇದಕ್ಕೆ ಎದುರುವಾದವಿಲ್ಲ. ಬೀಜ-ಗೊಬ್ಬರದ ಹಣಕ್ಕೆ, ಮಗ್ಗದ ನೂಲಿನ ಹಣಕ್ಕೆ ಟಿ.ವಿ. ಕೈಹಾಕಬಾರದು. ಹಳೆಯ ಟಿ.ವಿ. ನಡೆಯುತ್ತಿದ್ದರೆ ನಡೆಯಲಿ. ಕೊಳ್ಳಲೇಬೇಕಾದಾಗ ಹತ್ತಿಯೋ ಸೋಯಾವೋ ಮಾರಿ ಸಾಲ ತೀರಿದ ಮೇಲೆ, ಕಂತಿಲ್ಲದೆ ಕೊಳ್ಳಿ. ಒಂದು ಅನುಕೂಲವಾಗಿದೆ: 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ 20,000 ರೂಪಾಯಿ ಇದ್ದರೆ 2,000 ರೂಪಾಯಿ ಉಳಿತಾಯ. ಆ ಹಣ ಎಚ್‌ಡಿ ಬಾಕ್ಸಿಗೆ, ವೈರಿಗೆ ಹೋಗಲಿ.

ಸಿದ್ಧಾಂತ

ಮನೆಗೆ ಎಚ್‌ಡಿ ಬೇಕು, ಆದರೆ ಅದು ಬಂತೆಂದು ಹೇಳಲು ಟಿ.ವಿ. ಕೊಂಡರೆ ಸಾಲದು. ಪ್ರಸಾರ, ಬಾಕ್ಸು, ವೈರು, ತೆರೆ, ಕೂಡುವ ದೂರ – ಇವೆಲ್ಲ ಒಂದಕ್ಕೊಂದು ಹೊಂದಿದಾಗಲೇ ಬಂತೆನ್ನಬೇಕು. ಹಾಗೆ ಹೊಂದಿಸಲಾಗದಿದ್ದರೆ ಸಾದಾ ಟಿ.ವಿ.ಯಲ್ಲೇ ಮುಂದುವರಿಯುವುದು ಜಾಣತನ. ಹೊಂದಿಸಬಲ್ಲವರು ಹಿಂದೆಗೆಯಬೇಕಿಲ್ಲ.

ಆಚರಣೆ

ಕೊಳ್ಳುವ ಮುನ್ನ ಗೋಡೆಯಿಂದ ಕುರ್ಚಿಯವರೆಗೆ ಟೇಪು ಹಿಡಿದು ಅಳೆಯಿರಿ. ಕೇಬಲಿನವರನ್ನು ಕೇಳಿ ಎಚ್‌ಡಿ ಬಾಕ್ಸು, ಎಚ್‌ಡಿಎಂಐ ವೈರು ಖಾತ್ರಿ ಮಾಡಿಕೊಳ್ಳಿ. ಟಿ.ವಿ. ಬಂದ ದಿನವೇ ಅಂಗಡಿಯ ಝಗಮಗ ಬಣ್ಣದ ‘ವಿವಿಡ್’ ಸೆಟ್ಟಿಂಗ್ ತೆಗೆದು ‘ಸ್ಟ್ಯಾಂಡರ್ಡ್’ಗೆ ಹಾಕಿ. ಹಳೆಯ ಚಿತ್ರಗಳಲ್ಲಿ ಮುಖಗಳು ಅಡ್ಡಕ್ಕೆ ಹಿಗ್ಗಿ ಕಂಡರೆ ಚಿತ್ರದ ಅಳತೆಯನ್ನು 4:3ಕ್ಕೆ ತಿರುಗಿಸಿ. ಹಳೆಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿರುತ್ತದೆ. ಅದನ್ನು ಹಿತ್ತಲಲ್ಲಿ ಒಡೆಯಬೇಡಿ, ಮಲಪ್ರಭೆಯ ದಂಡೆಗೆ ಎಸೆಯಬೇಡಿ, ಇ-ತ್ಯಾಜ್ಯ ಪಡೆಯುವ ಅಧಿಕೃತರಿಗೆ ಕೊಡಿ. ಇಷ್ಟು ಮಾಡಿದ ಮನೆಯವರು ಕೊಟ್ಟ ಹಣಕ್ಕೆ ತಕ್ಕ ಚಿತ್ರವನ್ನು ಮೊದಲ ದಿನದಿಂದಲೇ ಕಾಣುತ್ತಾರೆ.